ನಾಲ್ಕು ಶೋಗಳ ಜಿದ್ದು: ಕೊನೆಯ ಪಂದ್ಯದ ತನಕ ಜನರನ್ನು ಹಿಡಿದಿಡುವುದು ಹೇಗೆ?

ಟರ್ನ್‌ಬಕಲ್ ಕೇಳಿದ್ದು:

ಸ್ವತಂತ್ರ ಪ್ರೊ ರೆಸ್ಲಿಂಗ್ (ಸೋಲು-ಗೆಲುವು ಮೊದಲೇ ಬರೆದಿಟ್ಟ ಕುಸ್ತಿ) ಶೋ, ತಿಂಗಳಿಗೊಂದು. ಸುಮಾರು 200 ಕುರ್ಚಿ, 7 ಪಂದ್ಯ, ಇಂಟರ್ವಲ್ ಸೇರಿ ಎರಡೂಮುಕ್ಕಾಲು ಗಂಟೆ. ಚಾಂಪಿಯನ್ ಬೆಲ್ಟ್ ಈಗ ಹೀಲ್, ಅಂದರೆ ಖಳನ ಹತ್ತಿರ ಇದೆ. ಎತ್ತರದ ಆಳು, ಓಡಾಟ ನಿಧಾನ, ಜೊತೆಗೆ ರಿಂಗ್ ಪಕ್ಕ ನಿಲ್ಲುವ ಒಬ್ಬ ಮ್ಯಾನೇಜರ್. ಎದುರಿಗಿರುವ ಬೇಬಿಫೇಸ್, ಅಂದರೆ ಜನ ಮೆಚ್ಚುವ ನಾಯಕ, ಗಾತ್ರದಲ್ಲಿ ಚಿಕ್ಕವನು, ಚುರುಕು. ಎದುರಾಳಿಯನ್ನು ಹೆಗಲ ಮೇಲೆ ಹೊತ್ತು ಕೆಡವುವುದು ಅವನ ಫಿನಿಶರ್, ಅಂದರೆ ಪಂದ್ಯ ಮುಗಿಸುವ ಪಟ್ಟು.

ನಾಲ್ಕು ಶೋಗಳಲ್ಲಿ ಇವರ ಜಿದ್ದು ಮುಗಿಸಬೇಕು. ನಮ್ಮ ಕರಡು ಹೀಗಿದೆ: ಮೊದಲ ಶೋನಲ್ಲಿ ಹೀಲ್ ಮೋಸದಿಂದ ಗೆಲ್ಲುತ್ತಾನೆ, ಎರಡನೆಯದರಲ್ಲಿ ಡಿಸ್‌ಕ್ವಾಲಿಫಿಕೇಶನ್ (ನಿಯಮ ಮುರಿದು ಅನರ್ಹ), ಮೂರನೆಯದರಲ್ಲಿ ಮತ್ತೆ ಸಿಂಗಲ್ಸ್ (ಒಬ್ಬನಿಗೊಬ್ಬ), ನಾಲ್ಕನೆಯದು ನಿಯಮಗಳೇ ಇಲ್ಲದ ಪಂದ್ಯ. ನಾಲ್ಕನೆಯದು ಬರುವಷ್ಟರಲ್ಲಿ ಇವರಿಬ್ಬರನ್ನು ನೋಡಿ ನೋಡಿ ಜನಕ್ಕೆ ಸಾಕಾಗಿರುತ್ತದೆಯೇ ಎಂಬುದೇ ಅನುಮಾನ. ಪ್ರತಿ ಶೋಗೂ ಅರ್ಧದಷ್ಟು ಜನ ಹೊಸಬರು ಬೇರೆ. ಮುಖ್ಯ ಪಂದ್ಯದ ಒಳಗಿನ ಸಮಯ ಹಂಚುವ ಬಗ್ಗೆಯೂ, ನಡುವೆ ಯಾರಿಗಾದರೂ ಪೆಟ್ಟಾದರೆ ಏನು ಮಾಡಬೇಕೆಂಬ ಬಗ್ಗೆಯೂ ತಿಳಿದವರು ಹೇಳಿ.

ಫಿನಿಶ್‌ಮೊದಲು ಬರೆದದ್ದು:

ನಾಲ್ಕನೇ ಶೋನ ಕೊನೆಯ 30 ಸೆಕೆಂಡನ್ನು ಮೊದಲು ಬರೆದುಕೊಳ್ಳಿ, ಅಲ್ಲಿಂದ ಹಿಂದಕ್ಕೆ ಬನ್ನಿ. ನಿಮ್ಮ ಕೈಯಲ್ಲಿ ಆ ಚಿತ್ರ ಆಗಲೇ ಇದೆ: ಚಿಕ್ಕವನು ಆ ದೈತ್ಯನನ್ನು ಹೆಗಲ ಮೇಲೆ ಎತ್ತುವುದು. ಹಾಗಿದ್ದ ಮೇಲೆ ಅದಕ್ಕೆ ಮುಂಚೆ ಒಮ್ಮೆಯೂ ಅವನನ್ನು ಪೂರ್ತಿ ಎತ್ತಲು ಬಿಡಬೇಡಿ. ಅಭ್ಯಾಸದ ಪಂದ್ಯದಲ್ಲಿ, ಪೋಸ್ಟರ್‌ನಲ್ಲಿ, ಆರು ಜನರ ಟ್ಯಾಗ್‌ನಲ್ಲಿ (ತಂಡಗಳ ಪಂದ್ಯ), ಎಲ್ಲಿಯೂ ಬೇಡ. ಎತ್ತಲು ಹೋಗಿ ಮೊಣಕಾಲು ಕುಸಿಯಬೇಕು, ಅಷ್ಟೇ.

ನಿಮ್ಮ ಕರಡಿನ ದೋಷ ಎಂದರೆ ಮೊದಲ ಮೂರು ತಿಂಗಳೂ ಒಂದೇ ಪಂದ್ಯ. ನಾನಾದರೆ ಹೀಗೆ ಹಾಕುತ್ತೇನೆ. ಮೊದಲ ಶೋ: ಇಬ್ಬರಿಗೂ ಬೇರೆ ಬೇರೆ ಪಂದ್ಯ. ಬೇಬಿಫೇಸ್ 8 ನಿಮಿಷದಲ್ಲಿ ತನ್ನ ಫಿನಿಶರ್‌ನಿಂದ ಸ್ವಚ್ಛವಾಗಿ ಗೆಲ್ಲಲಿ, ಹೊಸಬರಿಗೆ ಆ ಪಟ್ಟು ಯಾವುದೆಂದು ಕಣ್ಣಿಗೆ ಕೂರಬೇಕು. ಗೆದ್ದು ಕೈ ಎತ್ತಿಸಿಕೊಳ್ಳುವಾಗ ಹೀಲ್ ಹಿಂದಿನಿಂದ ಬಂದು ಅವನ ಬಲಭುಜವನ್ನು ರಿಂಗ್ ಕಂಬಕ್ಕೆ ಗುದ್ದಿಸಲಿ. ಒಂದೇ ಭುಜ, ಎರಡು ಸಲ, ಸಾಕು. ಎರಡನೇ ಶೋ: ಟ್ಯಾಗ್ ಪಂದ್ಯ. ಬೇಬಿಫೇಸ್ ಒಳಗೆ ಬಂದಾಗಲೆಲ್ಲ ಹೀಲ್ ತನ್ನ ಜೊತೆಗಾರನ ಕೈ ತಟ್ಟಿ ಅವನನ್ನು ಒಳಗೆ ಬಿಟ್ಟು ತಾನು ಹೊರಗೆ ಹೋಗಬೇಕು. ಇಬ್ಬರೂ ಒಬ್ಬರ ಮೇಲೊಬ್ಬರು ಬೀಳುವುದು ಪೂರ್ತಿ ಪಂದ್ಯದಲ್ಲಿ 40 ಸೆಕೆಂಡ್ ಮೀರಬಾರದು. ಮೂರನೇ ಶೋ: ಮೊದಲ ಸಿಂಗಲ್ಸ್, 12 ನಿಮಿಷ. ಮ್ಯಾನೇಜರ್ ರೆಫರಿಯ ಗಮನ ಸೆಳೆದಾಗ ಹೀಲ್ ನಿಯಮ ಮೀರಿ ಹಗ್ಗದ ಮೇಲೆ ಕಾಲಿಟ್ಟು ಪಿನ್ ಮಾಡಿ (ಮೂರು ಎಣಿಸುವ ತನಕ ಭುಜಗಳನ್ನು ನೆಲಕ್ಕೊತ್ತಿ) ಬೆಲ್ಟ್ ಉಳಿಸಿಕೊಳ್ಳಲಿ.

ನಾಲ್ಕನೆಯದಕ್ಕೆ ಯಾವ ಷರತ್ತು ಎಂಬುದು ಮೂರನೆಯದು ಹೇಗೆ ಮುಗಿಯಿತೋ ಅದರಿಂದಲೇ ಹುಟ್ಟಬೇಕು. ಹೀಲ್ ಓಡಿಹೋಗಿ ಕೌಂಟ್‌ಔಟ್ (ಎಣಿಕೆ ಮುಗಿಯುವುದರೊಳಗೆ ರಿಂಗ್‌ಗೆ ಮರಳದೆ ಸೋಲು) ಆಗಿದ್ದರೆ ಪಂಜರದೊಳಗಿನ ಪಂದ್ಯ, ಇಲ್ಲವೇ ಸುತ್ತ ಕುಸ್ತಿಪಟುಗಳ ಕಾವಲಿರುವ ಲಂಬರ್‌ಜಾಕ್ ಪಂದ್ಯ. ಹೊರಗಿನವನು ಕೈ ಹಾಕಿದ್ದರೆ ಅವನಿಗೆ ರಿಂಗ್ ಪಕ್ಕ ಬರಲು ನಿಷೇಧ. ನಿಮ್ಮದರಲ್ಲಿ ಮ್ಯಾನೇಜರ್ ಇದ್ದಾನೆ, ನಿಷೇಧವೇ ಸಾಕು. ಮೋಸ ಮಾಡಿದವನಿಗೆ ನಿಯಮವೇ ಇಲ್ಲದ ಪಂದ್ಯ ಕೊಟ್ಟರೆ ಅವನ ಮೋಸಕ್ಕೆ ಪರವಾನಗಿ ಕೊಟ್ಟಂತಾಗುತ್ತದೆ. ಡಿಸ್‌ಕ್ವಾಲಿಫಿಕೇಶನ್ ಫಿನಿಶ್ (ಪಂದ್ಯ ಮುಗಿಯುವ ಬಗೆ) ಇಡೀ ಸರಣಿಯಲ್ಲಿ ಒಂದೇ ಸಲ ಇರಲಿ, ಅದೂ ಮುಖ್ಯ ಪಂದ್ಯದಲ್ಲಿ ಬೇಡವೇ ಬೇಡ. ಟಿಕೆಟ್ ಕೊಂಡು ಬಂದವರನ್ನು ಫಲಿತಾಂಶವಿಲ್ಲದೆ ಮನೆಗೆ ಕಳಿಸಬಾರದು.

ತಡೆದು ಇಡುವುದರ ಬಲ ನೋಡಬೇಕಿದ್ದರೆ ಅಮೆರಿಕದ ರೆಸ್ಲಿಂಗ್ ಕಂಪನಿ ಇಸಿಡಬ್ಲ್ಯೂನ ರೇವನ್ ಮತ್ತು ಟಾಮಿ ಡ್ರೀಮರ್ ಜಿದ್ದು ನೋಡಿ. 1995ರಲ್ಲಿ ಶುರುವಾದದ್ದು. ಡ್ರೀಮರ್‌ಗೆ ರೇವನ್‌ನನ್ನು ಪಿನ್ ಮಾಡಲು ಸಿಕ್ಕಿದ್ದು 1997ರ ಜೂನ್‌ನಲ್ಲಿ, ಸೋತವನು ಕಂಪನಿ ಬಿಡಬೇಕೆಂಬ ಪಂದ್ಯದಲ್ಲಿ. ಅಲ್ಲಿಯದೇ ಇನ್ನೊಂದು ಕಂಪನಿ ರಿಂಗ್ ಆಫ್ ಆನರ್‌ನಲ್ಲಿ 2009ರ ಡಿಸೆಂಬರ್‌ನಲ್ಲಿ ಕೆವಿನ್ ಸ್ಟೀನ್ ತನ್ನದೇ ಜೊತೆಗಾರ ಎಲ್ ಜೆನೆರಿಕೊಗೆ ಕುರ್ಚಿಯಿಂದ ಹೊಡೆದ. ಲೆಕ್ಕ ಚುಕ್ತಾ ಆದದ್ದು ಸರಿಯಾಗಿ ಒಂದು ವರ್ಷದ ಮೇಲೆ, ಒಬ್ಬನ ಮುಖವಾಡ, ಇನ್ನೊಬ್ಬನ ವೃತ್ತಿ ಪಣಕ್ಕಿಟ್ಟ ಪಂದ್ಯದಲ್ಲಿ. ಪಣ ಏನೆಂದು ಒಂದೇ ಸಾಲಿನಲ್ಲಿ ಹೇಳಲು ಬಂದರೆ ಪೋಸ್ಟರ್ ತಾನಾಗಿ ಆಗುತ್ತದೆ.

ಮೂರನೇಹಗ್ಗ ಬರೆದದ್ದು:

ಮುಖ್ಯ ಪಂದ್ಯಕ್ಕೆ 25 ನಿಮಿಷ ಕೊಟ್ಟಿದ್ದೀರಿ ಎಂದುಕೊಳ್ಳಿ. ಇಬ್ಬರ ಪ್ರವೇಶ, ಪರಿಚಯ, ಆಮೇಲಿನ ಸಂಭ್ರಮಕ್ಕೆ 7 ಹೋಯಿತು. ಉಳಿಯುವುದು 18. ಮೊದಲ 4 ನಿಮಿಷ ಶೈನ್: ಬೇಬಿಫೇಸ್ ವೇಗದಿಂದ ಹೀಲ್‌ನನ್ನು ಕಂಗೆಡಿಸಬೇಕು. ಆಮೇಲೆ ಒಂದೇ ಏಟಿಗೆ ಕಟ್-ಆಫ್: ಹೀಲ್ ಅವನ ಓಟಕ್ಕೆ ತಡೆ ಹಾಕಬೇಕು. ಮುಂದಿನ 7 ನಿಮಿಷ ಹೀಟ್, ಅಂದರೆ ಹೀಲ್‌ನ ದರ್ಬಾರು. ಇದರ ನಡುವೆ ಎರಡು ಸಲ ಬೇಬಿಫೇಸ್ ಎದ್ದ ಎನ್ನಿಸಿ ಮತ್ತೆ ಬೀಳಬೇಕು, ಎರಡನೆಯದು ಮೊದಲನೆಯದಕ್ಕಿಂತ ಉದ್ದ ಇರಲಿ. ಆಮೇಲೆ 3 ನಿಮಿಷ ಕಮ್‌ಬ್ಯಾಕ್, ಕೊನೆಯ 4 ನಿಮಿಷ ಸೋಲು-ಗೆಲುವಿನ ತೂಗಾಟ.

ಕೆಡುವುದು ಹೆಚ್ಚಾಗಿ ಹೀಟ್‌ನಲ್ಲೇ. ಹೀಲ್‌ಗೆ ಚಪ್ಪಾಳೆ ಬೇಕೆನಿಸುತ್ತದೆ, ಚಂದದ ಪಟ್ಟು ಹಾಕುತ್ತಾನೆ, ಜನ ವಾಹ್ ಎನ್ನುತ್ತಾರೆ, ಮೂರು ತಿಂಗಳ ಹಗೆ ಅಲ್ಲಿಗೆ ಕರಗಿತು. ಅವನು ಮಾಡಬೇಕಾದದ್ದು ಆ ಭುಜವನ್ನೇ ಹಿಡಿದುಕೊಳ್ಳುವುದು: ಕೈ ತಿರುಚು, ಹಗ್ಗಕ್ಕೆ ಸಿಕ್ಕಿಸಿ ಎಳೆ, ರೆಫರಿ ನಾಲ್ಕು ಎಣಿಸುವ ತನಕ (ಐದಾದರೆ ಅನರ್ಹ) ಬಿಡಬೇಡ. ನಡುನಡುವೆ ನಿಂತು ಜನರತ್ತ ತಿರುಗಲು ಸಮಯ ಕೊಡಬೇಕು. ಬೈಯಲೂ ಜನಕ್ಕೆ ಬಿಡುವು ಬೇಕಲ್ಲ.

ಬೇಬಿಫೇಸ್ ಕಡೆಯಿಂದ ಭುಜದ ನೋವು ತಪ್ಪದೆ ಕಾಣಬೇಕು. ಕಮ್‌ಬ್ಯಾಕ್‌ನಲ್ಲಿ ಎಡಗೈಯಿಂದ ಹೊಡೆಯಲಿ. ಹಗ್ಗಕ್ಕೆ ಓಡಿ ಬರುವಾಗ ಬಲಗೈ ಪಕ್ಕೆಗೆ ಅಂಟಿರಲಿ. ಅಭ್ಯಾಸಬಲದಿಂದ ಬಲಗೈ ಬೀಸಿಬಿಟ್ಟರೆ, ಹೊಡೆದ ಮರುಕ್ಷಣವೇ ಆ ಕೈ ಹಿಡಿದುಕೊಂಡು ಮಂಡಿಯೂರಲಿ. ಆಗ ತಪ್ಪೂ ಕಥೆಯ ಒಳಗೇ ಬರುತ್ತದೆ. ಎರಡನೇ ಸಾಲಿನವರಿಗೆ ಅವನ ಬೆರಳು ನಡುಗುವುದು ಕಾಣುತ್ತದೆ, ಕೊನೆಯ ಸಾಲಿನವರಿಗೆ ಕಾಣುವುದು ಜೋತುಬಿದ್ದ ತೋಳು. ಎರಡೂ ಬೇಕು.

ಪಿನ್‌ನಿಂದ ಎರಡು ಎಣಿಕೆಗೆ ಎದ್ದೇಳುವುದು ಕೊನೆಯ ಭಾಗದಲ್ಲಿ ಮೂರು ಸಲ ಸಾಕು. ಹೀಲ್‌ನ ಫಿನಿಶರ್‌ನಿಂದ ಯಾರೂ ಎದ್ದಿಲ್ಲ ಎಂಬುದನ್ನು ಮೂರು ಶೋ ಕಾಪಾಡಿಕೊಂಡರೆ, ನಾಲ್ಕನೆಯದರಲ್ಲಿ ಬೇಬಿಫೇಸ್ ಒಬ್ಬ ಎದ್ದಾಗ ಕುರ್ಚಿಯಲ್ಲಿ ಯಾರೂ ಕೂತಿರುವುದಿಲ್ಲ. ಇದು ಮೊದಲ ಆರು ಪಂದ್ಯಗಳವರಿಗೂ ಗೊತ್ತಿರಬೇಕು. ಎರಡನೇ ಪಂದ್ಯದಲ್ಲೇ ಯಾರೋ ಮೇಜು ಮುರಿದು, ಕಂಬಕ್ಕೆ ಭುಜ ಗುದ್ದಿದರೆ ಮುಖ್ಯ ಪಂದ್ಯದವರಿಗೆ ಏನೂ ಉಳಿಯದು. ರನ್‌ಶೀಟ್‌ನಲ್ಲಿ (ಶೋನ ಕ್ರಮಪಟ್ಟಿ) ಸಮಯದ ಪಕ್ಕ ಇನ್ನೊಂದು ಕಾಲಂ ಹಾಕಿ: ಫಿನಿಶ್ ಯಾವುದು, ಯಾವ ವಸ್ತು ಬಳಕೆ, ಹೊರಗೆ ಹೋಗಿ ಹೊಡೆದಾಟ ಇದೆಯೇ. ಒಂದೇ ರೀತಿಯ ಫಿನಿಶ್ ಎರಡು ಕಡೆ ಕಂಡರೆ ಅಲ್ಲೇ ಬದಲಿಸಬಹುದು.

ಕರಿಬಿಳಿಅಂಗಿ ಬರೆದದ್ದು:

ರೆಫರಿ ಕಡೆಯ ವಿಷಯ ಹೇಳುತ್ತೇನೆ. ಕಿವಿಗೆ ಇಯರ್‌ಪೀಸ್ ಇದ್ದರೆ ಸಮಯ ಒಳಗಿನಿಂದ ಬರುತ್ತದೆ. ಇಲ್ಲದಿದ್ದರೆ ಗಂಟೆ ಬಾರಿಸುವವನ ಮೇಜಿನ ಮೇಲೆ ಟವೆಲ್ ಇಡಿಸಿ: ಬಿಳಿ ಟವೆಲ್ ಎಂದರೆ 5 ನಿಮಿಷ ಬಾಕಿ, ಕೆಂಪು ಎಂದರೆ ಫಿನಿಶ್‌ಗೆ ಹೋಗಿ. ರೆಫರಿ ಅದನ್ನು ಹೇಳಬೇಕಾದದ್ದು ಹೆಡ್‌ಲಾಕ್ (ತಲೆಯನ್ನು ತೋಳಲ್ಲಿ ಹಿಡಿಯುವುದು) ಅಥವಾ ನೆಲದ ಹಿಡಿತದಲ್ಲಿ, ಕೈ ಪರೀಕ್ಷಿಸುವ ನೆಪದಲ್ಲಿ ಬಗ್ಗಿದಾಗ. ಇಬ್ಬರಿಗೂ ಹೇಳಿ ಇಬ್ಬರಿಂದಲೂ ಒಪ್ಪಿಗೆ ಪಡೆಯಬೇಕು. ಒಬ್ಬನಿಗೆ ಮಾತ್ರ ಕೇಳಿಸಿದರೆ ಗೊಂದಲ ಖಂಡಿತ.

ಪೆಟ್ಟಿನ ಮಾತು. ಜೋರಾಗಿ ಬಿದ್ದವನ ಕೈ ಹಿಡಿದು ಒತ್ತಿ. ಅವನು ತಿರುಗಿ ಒತ್ತಿದರೆ ಸರಿ. ಒತ್ತದಿದ್ದರೆ, ಮಾತು ತಡವರಿಸಿದರೆ, ಕಣ್ಣು ನಿಲ್ಲದಿದ್ದರೆ ತಲೆಯ ಮೇಲೆ ಎರಡೂ ತೋಳು ಅಡ್ಡ ಹಾಕಿ ಗುಣಿಸುವ ಚಿಹ್ನೆ ತೋರಿಸಿ. ನಿಜವಾದ ಪೆಟ್ಟು ಎಂಬುದಕ್ಕೆ ಅದೇ ಸಂಕೇತ. ಅದನ್ನು ನಾಟಕಕ್ಕೆ ಎಂದೂ ಬಳಸಬೇಡಿ. ಒಮ್ಮೆ ಬಳಸಿದರೆ ಮುಂದಿನ ಸಲ ಪ್ರಥಮ ಚಿಕಿತ್ಸೆಯವರು ಎರಡು ಸೆಕೆಂಡ್ ಯೋಚಿಸುತ್ತಾರೆ. ತಲೆಗೆ ಏಟಾದ ಶಂಕೆ ಇದ್ದರೆ ಪಂದ್ಯ ಅಲ್ಲೇ ಮುಗಿಯಿತು, ಆ ದಿನ ಅವನು ಮತ್ತೆ ಒಳಗೆ ಬರುವಂತಿಲ್ಲ. ಕುತ್ತಿಗೆಗೆ ಏಟಾಗಿದ್ದರೆ ಅಲುಗಿಸದೆ ಬಿಡಿ.

ಇದಕ್ಕಾಗಿ ಪ್ರತಿ ಪಂದ್ಯಕ್ಕೂ ತುರ್ತು ಫಿನಿಶ್ ಒಂದನ್ನು ಮೊದಲೇ ಮಾತಾಡಿಕೊಂಡಿರಬೇಕು. ಪೆಟ್ಟು ಸಣ್ಣದಾಗಿದ್ದು ಅವನು ಆಡಬಲ್ಲನಾದರೆ ಒಂದು ರೋಲ್-ಅಪ್ (ಎದುರಾಳಿಯನ್ನು ಸುರುಳಿ ಸುತ್ತಿ ಪಿನ್ ಮಾಡುವುದು) ಸಾಕು. ಭುಜ ಏಳದಿದ್ದರೆ ರೆಫರಿ ಮೂರು ಎಣಿಸಲೇಬೇಕು. ಕಥೆ ಕೆಡುತ್ತದೆಂದು ಎರಡೂವರೆಗೆ ಕೈ ನಿಲ್ಲಿಸಿದರೆ ಆ ಸಂಜೆಯ ಮಿಕ್ಕ ಎಣಿಕೆಗಳನ್ನೂ ಜನ ನಂಬುವುದಿಲ್ಲ. ಕೆಟ್ಟ ಕಥೆಯನ್ನು ಮುಂದಿನ ತಿಂಗಳು ಸರಿಪಡಿಸಬಹುದು.

ಇಂಟರ್ವಲ್‌ನಲ್ಲಿ ರಿಂಗ್ ನೋಡಿ. ಹಗ್ಗ ಸಡಿಲವಾಗಿದ್ದರೆ ಅದನ್ನು ಕಂಬಕ್ಕೆ ಬಿಗಿಯುವ ಟರ್ನ್‌ಬಕಲ್ ತಿರುಗಿಸಿ ಬಿಗಿಸಿ, ಕ್ಯಾನ್ವಾಸ್ ಕೆಳಗಿನ ಹಲಗೆ ಸರಿದಿದೆಯೇ ಎಂದು ನಡೆದು ನೋಡಿ, ಬೆವರಿನ ಒದ್ದೆ ಒರೆಸಿ. 20 ಅಡಿ ರಿಂಗ್‌ಗೆ ಒಗ್ಗಿದವನಿಗೆ 16 ಅಡಿಯಲ್ಲಿ ಹಗ್ಗ ಒಂದು ಹೆಜ್ಜೆ ಮೊದಲೇ ಬರುತ್ತದೆ, ಹಾಗಾಗಿ ಹೊರಗಿನಿಂದ ಬಂದ ಆಟಗಾರರು ಬಾಗಿಲು ತೆರೆಯುವ ಮುಂಚೆ ಓಡಿ ಅಳತೆ ಹಿಡಿಯಬೇಕು.

ಟರ್ನ್‌ಬಕಲ್:

ಮೂವರಿಗೂ ಧನ್ಯವಾದ. ಮೊದಲ ಶೋನಲ್ಲಿ ಪಂದ್ಯವೇ ಇಲ್ಲದಿದ್ದರೆ ಹೊಸಬರಿಗೆ ಇವರ ಹಗೆ ಹೇಗೆ ತಿಳಿಯುತ್ತದೆ? ಮೈಕ್ ಕೊಟ್ಟರೆ ಇಬ್ಬರೂ ಹತ್ತು ನಿಮಿಷ ಎಳೆಯುತ್ತಾರೆ.

ರಿಂಗ್‌ಸೈಡ್‌ಮೈಕ್ ಬರೆದದ್ದು:

ಮೈಕ್‌ಗೆ 90 ಸೆಕೆಂಡ್. ಮೂರೇ ವಿಷಯ: ನೀನು ನನಗೆ ಏನು ಮಾಡಿದೆ, ನಾನು ಏನು ಮಾಡುತ್ತೇನೆ, ಯಾವತ್ತು. ತಾರೀಕು ಕೊನೆಯ ಮಾತಾಗಿರಲಿ, ಅದಾದ ತಕ್ಷಣ ಸಂಗೀತ ಹಾಕಿಬಿಡಿ. ಸಾಲು ಬರೆದುಕೊಟ್ಟು ಬಾಯಿಪಾಠ ಮಾಡಿಸಬೇಡಿ, ಈ ಮೂರು ಅಂಶ ಕೊಟ್ಟು ಅವರ ಮಾತಿನಲ್ಲೇ ಹೇಳಿಸಿ. ಹೊಸಬರಿಗೆ ಕಂಬಕ್ಕೆ ಗುದ್ದಿದ ದೃಶ್ಯದ ಒಂದು ನಿಮಿಷದ ವಿಡಿಯೊ ಪ್ರವೇಶಕ್ಕೆ ಮುಂಚೆ ಹಾಕಿ. ಪರದೆ ಇಲ್ಲದಿದ್ದರೆ ಅನೌನ್ಸರ್ ಎರಡು ವಾಕ್ಯ ಹೇಳಲಿ, ಬೇಬಿಫೇಸ್ ಭುಜಕ್ಕೆ ಬಿಳಿ ಪಟ್ಟಿ ಸುತ್ತಿಕೊಂಡು ಬರಲಿ. ಆ ಪಟ್ಟಿ ನೋಡಿದರೆ ಅರ್ಧ ಕಥೆ ತಿಳಿಯುತ್ತದೆ.

ಫಿನಿಶ್‌ಮೊದಲು ಹೇಳಿದ್ದರಲ್ಲಿ ಒಂದಕ್ಕೆ ನನ್ನ ತಕರಾರಿದೆ. ಒಂದೇ ಜೋಡಿಯ ಪಂದ್ಯ ಮರುಕಳಿಸಿದರೆ ಹಳಸುತ್ತದೆ ಎಂದೇನಿಲ್ಲ. 2004ರಲ್ಲಿ ಸಮೋವಾ ಜೋ ಮತ್ತು ಸಿಎಂ ಪಂಕ್ ರಿಂಗ್ ಆಫ್ ಆನರ್ ಬೆಲ್ಟ್‌ಗಾಗಿ ಮೂರು ಸಲ ಆಡಿದರು. ಜೂನ್‌ನಲ್ಲಿ 60 ನಿಮಿಷ ಆಡಿ ಡ್ರಾ, ಅಕ್ಟೋಬರ್‌ನಲ್ಲಿ ಮತ್ತೆ 60 ನಿಮಿಷ ಡ್ರಾ, ಡಿಸೆಂಬರ್‌ನಲ್ಲಿ ಜೋ ಗೆದ್ದ. ಇಬ್ಬರಲ್ಲಿ ಯಾರು ಮೇಲು ಎಂಬ ಪ್ರಶ್ನೆ ಪ್ರತಿ ಸಲವೂ ತೆರೆದೇ ಉಳಿದಿದ್ದರಿಂದ ಅದು ನಡೆಯಿತು. ಆದರೆ ಆ ದಾರಿಗೆ ಒಂದು ಗಂಟೆ ಹಿಡಿದಿಡಬಲ್ಲ ಇಬ್ಬರು ಬೇಕು. ನಿಮ್ಮ ದೈತ್ಯ ನಿಧಾನದವನು ಎಂದಿದ್ದೀರಿ, ಆದ್ದರಿಂದ ನಿಮ್ಮ ಮಟ್ಟಿಗೆ ಟ್ಯಾಗ್‌ನ ದಾರಿಯೇ ಸರಿ. ಟ್ಯಾಗ್‌ನಲ್ಲಿ ಬೇಬಿಫೇಸ್‌ನ ಜೊತೆಗಾರನಾಗುವವನನ್ನು ಮೊದಲ ಶೋನಿಂದಲೇ ಅವನ ಗೆಳೆಯನಾಗಿ ತೋರಿಸಿ. ಬೇಬಿಫೇಸ್‌ಗೆ ನಿಜವಾಗಿ ಪೆಟ್ಟಾಗಿ ನಾಲ್ಕನೆಯದಕ್ಕೆ ಬರಲಾಗದಿದ್ದರೆ ಸೇಡಿಗೆ ನಿಲ್ಲಲು ಕಾರಣವಿರುವ ಒಬ್ಬ ಸಿದ್ಧನಿರುತ್ತಾನೆ.

ಇಂಟರ್ವಲ್‌ನಲ್ಲಿ ಟೀ ಶರ್ಟ್ ಮಾರುವ ಮೇಜುಗಳನ್ನೂ ಗಮನಿಸಿ. ಇವರಿಬ್ಬರನ್ನು ಹಾಲಿನ ಎರಡು ತುದಿಗೆ ಕೂರಿಸಿ. ಹೀಲ್ ಫೋಟೊಗೆ ನಿಂತರೂ ನಗಬಾರದು, ಬೆಲ್ಟ್ ಮುಟ್ಟಲು ಯಾರಿಗೂ ಕೊಡಬಾರದು. ನಾಲ್ಕನೇ ಶೋನ ದಿನ ಮಾತ್ರ ಅವನಿಗೆ ಮೇಜೇ ಬೇಡ, ಪಂದ್ಯದ ತನಕ ಯಾರ ಕಣ್ಣಿಗೂ ಬೀಳದಿರಲಿ.