ಗೋವಾದ ಖಾಜನ ಗದ್ದೆಯ ಮಣ್ಣು ಪರೀಕ್ಷೆ: ಇಸಿ 6.8 ಬಂದಿದೆ, ಜಿಪ್ಸಂ ಹಾಕಬೇಕೇ?

ಸಿಂಧನೂರಿನವ, ಪಣಜಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮೂಲತಃ ಸಿಂಧನೂರು ಕಡೆಯವನು. ಕೆಲಸದ ನಿಮಿತ್ತ ಪಣಜಿಯಲ್ಲಿ ನೆಲೆಸಿದ್ದೇನೆ. ನಾವು ಬಾಡಿಗೆಗಿರುವ ಮನೆಯ ಮಾಲೀಕರಿಗೆ ಚೋಡಣ ದ್ವೀಪದಲ್ಲಿ ಸುಮಾರು ಒಂದು ಎಕರೆ ಖಾಜನ ಗದ್ದೆಯಿದ್ದು (ನದಿಯ ಉಪ್ಪು ನೀರನ್ನು ಬಂಡು, ಅಂದರೆ ಒಡ್ಡು, ಕಟ್ಟಿ ತಡೆದ ತಗ್ಗು ಗದ್ದೆ), ಕೆಲವು ವರ್ಷಗಳಿಂದ ಬೀಳು ಬಿದ್ದಿದೆ. ಈ ಮುಂಗಾರಿನಲ್ಲಿ ಅವರೊಂದಿಗೆ ಸೇರಿ ಭತ್ತ ಬೆಳೆಯುವ ಆಲೋಚನೆಯಿದೆ. ಮೇ ತಿಂಗಳಲ್ಲಿ ಮಣ್ಣು ಪರೀಕ್ಷೆ ಮಾಡಿಸಿದಾಗ ಪಿಎಚ್ 5.3, ಇಸಿ (ವಿದ್ಯುತ್ ವಾಹಕತೆ, ಅಂದರೆ ಕರಗಿದ ಉಪ್ಪಿನ ಅಳತೆ) ಪ್ರತಿ ಮೀಟರಿಗೆ 6.8 ಡೆಸಿಸೀಮೆನ್ಸ್, ಸಾವಯವ ಇಂಗಾಲ ಶೇಕಡಾ 1.4 ಎಂದು ವರದಿ ಬಂದಿದೆ. ಗೊಬ್ಬರದ ಅಂಗಡಿಯವರು ಎಕರೆಗೆ ಒಂದು ಟನ್ ಜಿಪ್ಸಂ ಹಾಕಿ ಎನ್ನುತ್ತಿದ್ದಾರೆ. ಊರಿನಲ್ಲಿ ನಮ್ಮ ತಂದೆಯವರೂ ತುಂಗಭದ್ರಾ ಕಾಲುವೆಯ ಕೆಳಗಿನ ಸವಳು ಹೊಲಕ್ಕೆ ಜಿಪ್ಸಂ ಹಾಕುತ್ತಿದ್ದುದರಿಂದ ನನಗೂ ಅದು ಸರಿಯೆನಿಸಿತ್ತು. ಆದರೆ ಮಾಲೀಕರು ನಕ್ಕು, ‘ಮೊದಲು ಬಂಡು ನೋಡಿ ಬಾ’ ಎಂದರು. ವರದಿಯನ್ನು ಹೇಗೆ ಓದಬೇಕು, ಇಲ್ಲಿನ ಸವಳಿಗೂ ನಮ್ಮ ಕಡೆಯ ಸವಳಿಗೂ ವ್ಯತ್ಯಾಸವೇನು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಮಣ್ಣು ಪ್ರಯೋಗಾಲಯದವ, ಪುಣೆ

ನಿಮ್ಮ ವರದಿಯ ಮೊದಲ ಅಂಕಿಯೇ ಜಿಪ್ಸಂ ಬೇಡವೆನ್ನುತ್ತಿದೆ. ಮಣ್ಣಿನಲ್ಲಿ ಉಪ್ಪಿದೆ ಎನ್ನುವಾಗ ಎರಡು ಬೇರೆ ಬೇರೆ ತೊಂದರೆಗಳನ್ನು ನಾವು ಒಂದೇ ಮಾತಿನಲ್ಲಿ ಸೇರಿಸಿಬಿಡುತ್ತೇವೆ. ನೀರಿನಲ್ಲಿ ಕರಗುವ ಲವಣಗಳು ಮಣ್ಣಿನ ತೇವದಲ್ಲಿ ಹೆಚ್ಚಾಗಿ, ಬೇರು ನೀರು ಹೀರಲಾರದಂತಾಗುವುದು ಒಂದು; ಇದು ಲವಣಯುಕ್ತ ಮಣ್ಣು, ಇಸಿ 4ಕ್ಕಿಂತ ಹೆಚ್ಚಿದ್ದರೆ ಹೀಗೆ ಕರೆಯುತ್ತಾರೆ. ಜೇಡಿ ಕಣಗಳ ಮೇಲ್ಮೈಯಲ್ಲೇ ಸೋಡಿಯಂ ಅಂಟಿ ಕುಳಿತು, ಮಣ್ಣಿನ ರಚನೆ ಕೆಟ್ಟು, ನೀರು ಕೆಳಗಿಳಿಯದಂತಾಗುವುದು ಇನ್ನೊಂದು. ಇದು ಕ್ಷಾರ ಮಣ್ಣು, ಇದರಲ್ಲಿ ಪಿಎಚ್ ಸಾಮಾನ್ಯವಾಗಿ 8.5ನ್ನು ದಾಟಿರುತ್ತದೆ ಮತ್ತು ವಿನಿಮಯಗೊಳ್ಳುವ ಸೋಡಿಯಂನ ಪ್ರಮಾಣ ಶೇಕಡಾ 15ಕ್ಕಿಂತ ಹೆಚ್ಚಿರುತ್ತದೆ. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಆ ಸೋಡಿಯಂ ಅನ್ನು ಎಬ್ಬಿಸಿ ತಾನು ಅಲ್ಲಿ ಕೂರುತ್ತದೆ, ಹೊರಬಿದ್ದ ಸೋಡಿಯಂ ನೀರಿನೊಂದಿಗೆ ಬಸಿದು ಹೋಗುತ್ತದೆ. ನಿಮ್ಮ ಊರಿನ ಕಪ್ಪು ಮಣ್ಣಿನಲ್ಲಿ ಜಿಪ್ಸಂ ಕೆಲಸ ಮಾಡಿದ್ದರೆ ಅದು ಈ ಕಾರಣಕ್ಕೆ. ನಿಮ್ಮ ಗದ್ದೆಯ ಪಿಎಚ್ 5.3 ಆಗಿರುವಾಗ, ಅಂದರೆ ಮಣ್ಣು ಹುಳಿಯಾಗಿರುವಾಗ, ಸಮುದ್ರದ ನೀರಿನಿಂದ ಬಂದ ಲವಣವನ್ನು ತೊಳೆಯಲು ಟನ್‌ಗಟ್ಟಲೆ ಜಿಪ್ಸಂ ಸುರಿಯುವುದು ಹಣಕ್ಕೆ ದಂಡ.

ಇಸಿಯ ವಿಚಾರದಲ್ಲಿ ಎರಡು ಮಾತನ್ನು ಕೇಳಿ ತಿಳಿದುಕೊಳ್ಳಿ. ಪ್ರಯೋಗಾಲಯದವರು ಮಣ್ಣನ್ನು ನೀರಿನಿಂದ ಸಂತೃಪ್ತಗೊಳಿಸಿ ಹಿಂಡಿದ ರಸದಲ್ಲಿ ಅಳೆದರೋ, ಅಥವಾ ಒಂದು ಭಾಗ ಮಣ್ಣಿಗೆ ಎರಡೂವರೆ ಭಾಗ ನೀರು ಬೆರೆಸಿ ಅಳೆದರೋ? ನಾನು ಮೇಲೆ ಹೇಳಿದ 4 ಎಂಬ ಗಡಿ ಮೊದಲನೆಯ ವಿಧಾನದ್ದು. ಎರಡನೆಯ ವಿಧಾನದಲ್ಲಿ ನೀರು ಹೆಚ್ಚಾಗಿ ಬೆರೆಯುವುದರಿಂದ ಅಂಕಿ ಕಡಿಮೆ ಬರುತ್ತದೆ, ಅದರಲ್ಲಿಯೇ 6.8 ಬಂದಿದ್ದರೆ ಬೇರಿನ ಸುತ್ತಲಿನ ನಿಜವಾದ ಲವಣಾಂಶ ಅದರ ಹಲವು ಪಟ್ಟು ಇರುತ್ತದೆ. ಹೆಚ್ಚಿನ ವರದಿಗಳಲ್ಲಿ ಈ ವಿಷಯವನ್ನು ಬರೆಯುವುದೇ ಇಲ್ಲ, ಇದು ನಮ್ಮ ವೃತ್ತಿಯವರ ಒಂದು ಕೆಟ್ಟ ಅಭ್ಯಾಸ. ಎರಡನೆಯದು, ಮಾದರಿ ತೆಗೆದ ತಿಂಗಳು. ಬೇಸಿಗೆಯಲ್ಲಿ ಕೆಳಗಿನ ಉಪ್ಪು ನೀರು ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರಿ, ಬಿಸಿಲಿಗೆ ಆವಿಯಾಗಿ, ಉಪ್ಪನ್ನು ಮೇಲ್ಪದರದಲ್ಲಿ ಬಿಟ್ಟುಹೋಗುತ್ತದೆ. ಆದ್ದರಿಂದ ಮೇ ತಿಂಗಳಿನ ಅಂಕಿ ವರ್ಷದಲ್ಲೇ ಅತ್ಯಂತ ಹೆಚ್ಚಿನದು. ಜುಲೈನಲ್ಲಿ ಅದೇ ಜಾಗದ ಮೇಲಿನ ಹದಿನೈದು ಸೆಂಟಿಮೀಟರಿನ ಮಣ್ಣನ್ನು ಮತ್ತೊಮ್ಮೆ ಪರೀಕ್ಷಿಸಿದರೆ ಮಾತ್ರ ಬೆಳೆಗೆ ನಿಜವಾಗಿ ಎಷ್ಟು ಉಪ್ಪು ತಾಗಲಿದೆ ಎಂಬುದು ತಿಳಿಯುತ್ತದೆ.

ಕುಮಟೆಯವಳು, ಮಡಗಾಂವ್

ಪುಣೆಯ ಸರ್ ವಿವರವಾಗಿ ಬರೆದಿದ್ದಾರೆ. ನಿಮ್ಮ ಮಾಲೀಕರ ಮಾತು ಏಕೆ ಸರಿ ಎಂಬುದನ್ನು ನಾನು ಹೇಳುತ್ತೇನೆ. ನನ್ನ ತವರು ಅಘನಾಶಿನಿ ದಂಡೆಯಲ್ಲಿದೆ. ಅಲ್ಲಿ ಇಂಥ ಗದ್ದೆಗೆ ಗಜನಿ ಎನ್ನುತ್ತೇವೆ, ಕಗ್ಗ ಎಂಬ ಉಪ್ಪು ತಾಳುವ ಭತ್ತವನ್ನು ಬೆಳೆಯುತ್ತೇವೆ. ಖಾಜನವೂ ಅದೇ ಬಗೆಯದು: ಭರತದ (ಸಮುದ್ರದ ಉಬ್ಬರದ) ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿರುವ ಭೂಮಿಯನ್ನು ಮಣ್ಣು, ಹುಲ್ಲು, ಕಲ್ಲುಗಳ ಬಂಡು ಕಟ್ಟಿ ನದಿಯಿಂದ ಬೇರ್ಪಡಿಸಿ, ಅದರ ಬಾಯಿಗೆ ಮರದ ಬಾಗಿಲುಗಳ ತೂಬನ್ನು ಇಟ್ಟಿರುತ್ತಾರೆ. ಗೋವಾದಲ್ಲಿ ಈ ತೂಬಿಗೆ ಮಾನಸ ಎನ್ನುತ್ತಾರೆ. ಭರತ ಏರುವಾಗ ನದಿಯ ನೀರು ತಾನೇ ಬಾಗಿಲನ್ನು ಒತ್ತಿ ಮುಚ್ಚುತ್ತದೆ. ಇಳಿತದ ಹೊತ್ತಿಗೆ ಗದ್ದೆಯ ಕಡೆಯ ನೀರು ಅದನ್ನು ತಳ್ಳಿ ಹೊರಗೆ ಹೋಗುತ್ತದೆ. ದಿನಕ್ಕೆ ಎರಡು ಬಾರಿ ಯಾರ ಕೈಯೂ ತಾಗದೆ ನಡೆಯುವ ಈ ಕೆಲಸ ಕೆಟ್ಟರೆ ಯಾವ ಗೊಬ್ಬರವೂ ಗದ್ದೆಯನ್ನು ಉಳಿಸುವುದಿಲ್ಲ.

ನೀವು ಹುಣ್ಣಿಮೆ ಅಥವಾ ಅಮಾವಾಸ್ಯೆಯ ಭರತ ಪೂರ್ತಿ ಏರಿದ ಹೊತ್ತಿಗೆ ಹೋಗಿ ಬಂಡಿನ ಒಳಮೈ ನೋಡಿ. ಏಡಿ ಕೊರೆದ ಬಿಲದಿಂದ ಹೆಬ್ಬೆರಳಿನಷ್ಟು ನೀರು ಒಸರುತ್ತಿದ್ದರೂ ಅದು ಒಂದೇ ಮಳೆಗಾಲದಲ್ಲಿ ಒಡಕಾಗಬಲ್ಲದು. ಬಾಗಿಲಿನ ಹಲಗೆಗಳ ಸಂದಿಯಲ್ಲಿ ನೀರು ಚಿಮ್ಮುತ್ತಿದೆಯೇ, ಅಡಿಯಲ್ಲಿ ಕಸ ಸಿಕ್ಕಿಕೊಂಡು ಹಲಗೆ ಪೂರ್ತಿ ಮುಚ್ಚದೆ ನಿಂತಿದೆಯೇ ಎಂಬುದನ್ನೂ ಗಮನಿಸಿ. ಬಂಡಿನ ಹೊರಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿದ್ದರೆ ಅಲೆಯ ಹೊಡೆತವನ್ನು ಅವು ತಡೆಯುತ್ತವೆ, ಅವನ್ನು ಕಡಿಯಬೇಡಿ.

ಉಪ್ಪನ್ನು ತೊಳೆಯುವುದು ಮಳೆಯ ಕೆಲಸ. ಮಳೆಗೆ ಮುಂಚೆಯೇ ಒಣ ಉಳುಮೆ ಮಾಡಿ ಹೆಂಟೆ ಬಿಟ್ಟರೆ ಜೂನ್‌ನ ಮೊದಲ ಮಳೆಗಳು ಹೆಂಟೆಯೊಳಗಿನ ಉಪ್ಪನ್ನು ಕರಗಿಸುತ್ತವೆ. ಆ ನೀರನ್ನು ಗದ್ದೆಯಲ್ಲಿ ನಿಲ್ಲಿಸದೆ ಇಳಿತದಲ್ಲಿ ಹೊರಬಿಡಬೇಕು, ಮತ್ತೆ ಮಳೆಯ ನೀರು ತುಂಬಿಸಿ ಮತ್ತೆ ಬಿಡಬೇಕು. ಹಾಗೆ ಒಂದೆರಡು ಸಲ ತೊಳೆದ ಮೇಲೆಯೇ ಮೊಳಕೆ ಬಂದ ಬೀಜವನ್ನು ಚೆಲ್ಲುವುದು ಅಥವಾ ಸಸಿ ನೆಡುವುದು. ಭತ್ತಕ್ಕೆ ಉಪ್ಪು ಹೆಚ್ಚು ತಾಗುವುದು ಎಳೆ ಸಸಿಯಾಗಿದ್ದಾಗ ಮತ್ತು ತೆನೆ ಕಟ್ಟಿ ಹೂ ಬಿಡುವಾಗ. ನಡುವೆ ತೆಂಡೆ ಒಡೆಯುವ ಕಾಲದಲ್ಲಿ ಅದು ಸಾಕಷ್ಟು ತಡೆದುಕೊಳ್ಳುತ್ತದೆ. ಜುಲೈ, ಆಗಸ್ಟಿನಲ್ಲಿ ಮಾಂಡವಿ ನದಿಯ ನೀರೇ ಬಹುಪಾಲು ಸಿಹಿಯಾಗಿರುವುದರಿಂದ ಸ್ವಲ್ಪ ಸೋರಿದರೂ ದೊಡ್ಡ ಹಾನಿಯಿಲ್ಲ. ಮಳೆ ಹಿಂದೆ ಸರಿದು ನದಿಗೆ ಉಪ್ಪು ಮರಳುವ ಅಕ್ಟೋಬರಿನಲ್ಲಿ ಅದೇ ಸೋರಿಕೆ ತೆನೆಯನ್ನು ಜೊಳ್ಳು ಮಾಡುತ್ತದೆ. ಆದುದರಿಂದ ತಡವಾಗಿ ಬಿತ್ತಬೇಡಿ, ದೀರ್ಘಾವಧಿಯ ತಳಿಗೆ ಹೋಗಬೇಡಿ.

ತಳಿಯ ವಿಷಯದಲ್ಲಿ, ಮೇಲು ಗದ್ದೆಯವರು ಬೆಳೆಯುವ ಜಯ, ಜ್ಯೋತಿಗಳನ್ನು ಇಲ್ಲಿ ಮೊದಲ ವರ್ಷವೇ ಹಾಕಬೇಡಿ. ಗೋವಾದವರ ಹಳೆಯ ಖಾಜನ ತಳಿ ಕೊರ್ಗುಟ. ಎತ್ತರ ಬೆಳೆಯುತ್ತದೆ, ಇಳುವರಿ ಸಾಧಾರಣ, ಆದರೆ ಉಪ್ಪನ್ನೂ ಕೆಲವು ದಿನದ ಮುಳುಗಡೆಯನ್ನೂ ತಾಳುತ್ತದೆ. ಓಲ್ಡ್ ಗೋವಾದಲ್ಲಿರುವ ಕೇಂದ್ರೀಯ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯು ಗೋವಾ ಧಾನ್ ಎಂಬ ಹೆಸರಿನಲ್ಲಿ ಉಪ್ಪು ಸಹಿಸುವ ತಳಿಗಳನ್ನು ಬಿಡುಗಡೆ ಮಾಡಿದೆ. ಬೀಜಕ್ಕೆ ಅಲ್ಲಿಯೇ ವಿಚಾರಿಸಿ.

ಸಿಂಧನೂರಿನವ, ಪಣಜಿ

ಇಬ್ಬರಿಗೂ ಅನಂತ ಧನ್ಯವಾದಗಳು. ಪಿಎಚ್ ಹುಳಿಯ ಕಡೆಗಿರುವುದರಿಂದ ಸುಣ್ಣವನ್ನಾದರೂ ಹಾಕಬೇಕೇ? ಇನ್ನೊಂದು ವಿಚಾರ: ಗದ್ದೆಯ ಬದಿಯ ಹೊಂಡದಲ್ಲಿ ಮೀನು ಹಿಡಿಯುವವರು ತೂಬಿನ ಬಾಗಿಲನ್ನು ಎತ್ತಿಡುತ್ತಾರೆಂದು ಪಕ್ಕದ ಗದ್ದೆಯ ಅಜ್ಜ ಹೇಳಿದರು. ಅದಕ್ಕೆ ಯಾರನ್ನು ಕೇಳಬೇಕು?

ಮಣ್ಣು ಪ್ರಯೋಗಾಲಯದವ, ಪುಣೆ

ಸುಣ್ಣದ ಅವಸರ ಬೇಡ. ಖಾಜನದಂಥ ಮಣ್ಣಿನ ಕೆಳಪದರದಲ್ಲಿ ಕಬ್ಬಿಣ ಮತ್ತು ಗಂಧಕದ ಸಂಯುಕ್ತಗಳಿರಬಹುದು. ಅವು ನೀರಿನಡಿ ಇರುವವರೆಗೆ ಸುಮ್ಮನಿರುತ್ತವೆ, ಆಳದವರೆಗೆ ಒಣಗಿ ಗಾಳಿ ತಾಗಿದರೆ ಗಂಧಕಾಮ್ಲವಾಗಿ ಪಿಎಚ್ ಇನ್ನೂ ಕುಸಿಯುತ್ತದೆ. ಅದಕ್ಕೇ ಉಳುಮೆ ಮೇಲುಮೇಲಿರಲಿ, ಬಸಿಗಾಲುವೆಯನ್ನು ಆಳಕ್ಕೆ ತೋಡಬೇಡಿ. ಗದ್ದೆಯಲ್ಲಿ ನೀರು ನಿಂತ ಕೆಲವು ವಾರಗಳಲ್ಲಿ ಪಿಎಚ್ ಸಾಮಾನ್ಯವಾಗಿ ತಾನೇ ಮೇಲೇರುತ್ತದೆ. ನಿಂತ ನೀರಿನ ಮೇಲೆ ತುಕ್ಕು ಬಣ್ಣದ ಕೆನೆ ಕಂಡರೆ ಕಬ್ಬಿಣ ಹೆಚ್ಚಾಗಿದೆ ಎಂದು ತಿಳಿದು, ಆ ನೀರನ್ನು ಬಿಟ್ಟು ಮಳೆ ನೀರು ತುಂಬಿಸಿ. ಜುಲೈ ಪರೀಕ್ಷೆಯಲ್ಲಿ ಪಿಎಚ್ 5ಕ್ಕಿಂತ ಕೆಳಗಿದ್ದರೆ ಆಗ ಸುಣ್ಣದ ಪ್ರಮಾಣವನ್ನು ಪ್ರಯೋಗಾಲಯದಲ್ಲಿಯೇ ಕೇಳಿ.

ದಿವಾಡಿಯ ಹಳಬ

ಬಾಗಿಲಿನ ವಿಚಾರಕ್ಕೆ ಉತ್ತರಿಸುತ್ತೇನೆ. ಹಿಂದೆ ಬಂಡು ಮತ್ತು ಮಾನಸಗಳನ್ನು ಊರಿನ ಗಾಂವಕರಿ, ಪೋರ್ಚುಗೀಸರ ಕಾಲದಿಂದ ಕೊಮುನಿದಾದ್ ಎಂದು ಕರೆಸಿಕೊಂಡ ಸಂಸ್ಥೆ, ನೋಡಿಕೊಳ್ಳುತ್ತಿತ್ತು. 1964ರ ಗೇಣಿ ಕಾಯ್ದೆಯ ನಂತರ ಆ ಹೊಣೆ ಗೇಣಿದಾರರ ಸಂಘಗಳ ಮೇಲೆ ಬಿತ್ತು. ಮಾನಸದಲ್ಲಿ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕಿ, ಆ ಹಣದಲ್ಲಿ ಬಂಡನ್ನು ದುರಸ್ತಿ ಮಾಡುವುದು ಪದ್ಧತಿ. ತೊಂದರೆ ಹುಟ್ಟುವುದೂ ಅಲ್ಲಿಯೇ, ಏಕೆಂದರೆ ಹರಾಜು ಹಿಡಿದವನಿಗೆ ಉಪ್ಪು ನೀರು ಒಳಬಂದಷ್ಟೂ ಸೀಗಡಿ ಹೆಚ್ಚು. ಆದುದರಿಂದ ಬಿತ್ತುವ ಮೊದಲೇ ನಿಮ್ಮ ಮಾಲೀಕರ ಹೆಸರಿನಲ್ಲಿ ಸಂಘಕ್ಕೆ ಲಿಖಿತ ಅರ್ಜಿ ಕೊಟ್ಟು, ಕೊಯ್ಲು ಮುಗಿಯುವವರೆಗೆ ಭರತದಲ್ಲಿ ಬಾಗಿಲು ಎತ್ತಬಾರದೆಂಬ ಮಾತನ್ನು ಹರಾಜಿನ ಷರತ್ತಿನಲ್ಲಿ ಸೇರಿಸಿಕೊಳ್ಳಿ. ಸಂಘ ಕೇಳದಿದ್ದರೆ ತಾಲೂಕಿನ ಮಾಮಲೇದಾರರ ಬಳಿ ಹೋಗಬಹುದು. ಸುತ್ತಲಿನ ನಾಲ್ಕು ಗದ್ದೆಗಳವರೂ ಈ ವರ್ಷ ಬಿತ್ತುವಂತೆ ಒಪ್ಪಿಸಿ ಒಟ್ಟಿಗೆ ಸಹಿ ಹಾಕಿಸಿ; ಬೀಳು ಗದ್ದೆಗಳ ನಡುವೆ ಒಬ್ಬನೇ ಬಿತ್ತಿದರೆ ನಿಮ್ಮ ಅರ್ಜಿಗೂ ಬೆಲೆಯಿರುವುದಿಲ್ಲ, ಹಕ್ಕಿಗಳೆಲ್ಲ ನಿಮ್ಮ ತೆನೆಗೇ ಬರುತ್ತವೆ.