ಸಹಾಯ ಬೇಕು: ಮುಂಬಯಿಯ ಪರೇಲ್‌ನಲ್ಲಿ ಒಂದು ತಾಸು ಕನ್ನಡ ಮಾತಾಡಿಸುವವರು

ಗದಗಿನಿಂದ ಬಂದಿರುವ ಅಕ್ಕನೊಬ್ಬರಿಗೆ ಗುರುವಾರ ಬೆಳಿಗ್ಗೆ ಪರೇಲ್‌ನಲ್ಲಿ ಸ್ತನ ಕ್ಯಾನ್ಸರಿನ ಜೆನೆಟಿಕ್ ಕೌನ್ಸೆಲಿಂಗ್ (ರೋಗ ವಂಶದಲ್ಲಿ ಬಂದಿದ್ದೇ ಎಂದು ನೋಡುವ ಸಮಾಲೋಚನೆ) ಇದೆ. ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಹಿಂದಿ ಅಥವಾ ಮರಾಠಿ ಬಲ್ಲ ಹೆಣ್ಣುಮಕ್ಕಳು ಯಾರಾದರೂ ಜತೆಗಿರಬಲ್ಲಿರಾ?

ಮುಖ್ಯ ಕೆಲಸ ವಂಶವೃಕ್ಷ ಬರೆಸುವುದು. ಮೂರು ತಲೆಮಾರು, ತಂದೆಯ ಕಡೆಯವರೂ ಸೇರಿ; ಸ್ತನ, ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಬಿಆರ್‌ಸಿಎ ಜೀನಿನ ದೋಷ ಅಪ್ಪನಿಂದಲೂ ಬರಬಹುದು. ಎಡವಟ್ಟಾಗುವುದು ಸಂಬಂಧದ ಹೆಸರಿನಲ್ಲಿ. ‘ಚಿಕ್ಕಮ್ಮನಿಗೂ ಇತ್ತು’ ಅಂದರೆ ತಾಯಿಯ ತಂಗಿಯೋ, ಚಿಕ್ಕಪ್ಪನ ಹೆಂಡತಿಯೋ ಕೇಳಲೇಬೇಕು. ಎರಡನೆಯದು ರಕ್ತಸಂಬಂಧವಲ್ಲ. ಸೋದರಮಾವನನ್ನೇ ಮದುವೆಯಾದವರಿದ್ದರೆ ಅದನ್ನೂ ಹೇಳಿ. ರೋಗ ಕಂಡ ವಯಸ್ಸು ಬೇಕು, ತೀರಿಕೊಂಡ ವಯಸ್ಸಷ್ಟೇ ಸಾಲದು. ‘ಹೊಟ್ಟೆಯಲ್ಲಿ ಗಡ್ಡೆ’ ಅಂದರೆ ಅಂಡಾಶಯದ್ದೋ ಅಲ್ಲವೋ ಎಂದು ವಿಚಾರಿಸಿ. ಇತ್ತೀಚೆಗೆ ರಕ್ತ ಏರಿಸಿದ್ದರೆ ಸ್ಯಾಂಪಲ್ ಕೊಡುವ ಮೊದಲೇ ತಿಳಿಸಿ.

ಬರುವವರು ದಯವಿಟ್ಟು ಬುಧವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ.