ಪ್ರಶ್ನೋತ್ತರ: ಸಣ್ಣ ವಯಸ್ಸಿನ ಬಸಿರು, ರಕ್ತ ಕಡಿಮೆ, ಕೂಸಿನ ತೂಕ

ಅಡ್ಮಿನ್: ಜತ್, ಅಕ್ಕಲಕೋಟೆ ಕಡೆಯ ಅಕ್ಕ-ತಂಗಿಯರು ಕೇಳಿ. ಡಾಕ್ಟರ್ ಮೇಡಂ ಸಂಜೆ ಉತ್ತರ ಕೊಡುತ್ತಾರೆ.

ಸದಸ್ಯೆ, ಅಕ್ಕಲಕೋಟೆ: ಐದು ತಿಂಗಳು, ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) 10.2. ಕಬ್ಬಿಣದ ಗುಳಿಗೆ ತಗೊಂಡರೆ ಮಲ ಕಪ್ಪಾಗುತ್ತದೆ. ಬಿಡಲಾ ಮೇಡಂ?

ಡಾಕ್ಟರ್: ಬಿಡಬೇಡಿ. ಕಪ್ಪಾಗೋದು ಸಹಜ. ಬಸುರಿಗೆ 11 ಇರಬೇಕು. ದಿನಕ್ಕೆ ಎರಡು ತಗೊಳ್ಳಿ. ಚಹಾದ ಜೊತೆ ಬೇಡ, ಕ್ಯಾಲ್ಸಿಯಂ ಗುಳಿಗೆ ಬೇರೆ ಹೊತ್ತಿಗೆ.

ಸದಸ್ಯ, ಜತ್: ಮೇಡಂ, ತಮ್ಮನ ಹೆಂಡತಿಗೆ 17 ವರ್ಷ, ಎಂಟನೇ ತಿಂಗಳು. ಕಬ್ಬು ಕಡಿಯೋಕೆ ಹೋದವರು ಮೊನ್ನೆ ಬಂದರು. ಎಚ್‌ಬಿ 6.4 ಅಂತೆ. ನಾಲ್ಕು ಹೆಜ್ಜೆಗೆ ಏದುಸಿರು. ಗೋಡೆ ಮಣ್ಣು ಕೆರೆದು ತಿನ್ನುತ್ತಾಳೆ. ಬೀಟ್ರೂಟ್ ರಸ ಕೊಡ್ತಿದ್ದೇವೆ, ಇನ್ನೊಂದು ತಿಂಗಳು ನೋಡೋಣವಾ?

ಡಾಕ್ಟರ್: ಒಂದು ದಿನವೂ ನೋಡಬೇಡಿ ಅಣ್ಣಾ. ಇವತ್ತೇ ಅಡ್ಮಿಟ್ ಮಾಡಿಸಿ. 7ಕ್ಕಿಂತ ಕೆಳಗೆ ಅಂದರೆ ತೀವ್ರ ರಕ್ತಹೀನತೆ, ಎಂಟನೇ ತಿಂಗಳಲ್ಲಿ ಬರೀ ಗುಳಿಗೆ ನಂಬಿ ಕೂರೋಕೆ ಹೊತ್ತಿಲ್ಲ. ಏದುಸಿರು ಇದ್ದರೆ ಹೃದಯಕ್ಕೆ ಭಾರ ಬಿದ್ದಿರಬಹುದು. ರಕ್ತ ಏರಿಸಬೇಕಾ, ನರಕ್ಕೆ ಕಬ್ಬಿಣದ ಇಂಜೆಕ್ಷನ್ ಸಾಕಾ ಅಂತ ಅಲ್ಲಿ ನೋಡುತ್ತಾರೆ. ಮಣ್ಣು ತಿನ್ನೋದಕ್ಕೆ ಬೈಯಬೇಡಿ, ರಕ್ತ ಕಡಿಮೆಯಾದವರಿಗೆ ಹಾಗೆ ಆಸೆಯಾಗುತ್ತದೆ. 17ರ ಹುಡುಗಿ ಇನ್ನೂ ತಾನೇ ಬೆಳೆಯುತ್ತಿರುತ್ತಾಳೆ, ತಿಂದಿದ್ದು ಅವಳ ಮೈಗೂ ಬೇಕು, ಕೂಸಿಗೂ ಬೇಕು. ಹೆರಿಗೆಯಲ್ಲಿ ಎಲ್ಲರಿಗೂ ರಕ್ತ ಹೋಗುತ್ತದೆ, ಬೇರೆಯವರು ತಡೆದುಕೊಳ್ಳುವಷ್ಟು ಹೋದರೂ ಇವಳ ಜೀವಕ್ಕೆ ಕುತ್ತು. ಕೂಸು ದಿನ ತುಂಬದೆ ಹುಟ್ಟಬಹುದು, ಎರಡೂವರೆ ಕಿಲೋ ತೂಗದೆ ಇರಬಹುದು. ಕೂಸು ಕಬ್ಬಿಣ ಕೂಡಿಟ್ಟುಕೊಳ್ಳೋದೇ ಕೊನೆಯ ಮೂರು ತಿಂಗಳಲ್ಲಿ. ಹೆರಿಗೆ ಹೊತ್ತಿಗೆ ಹೊಕ್ಕುಳಬಳ್ಳಿಯನ್ನು ಒಂದು ನಿಮಿಷವಾದರೂ ತಡೆದು ಕತ್ತರಿಸಿ ಅಂತ ಕೇಳಿ. ಮುಖ ಬಾತಿದೆಯಾ? ತಲೆನೋವು? ಬಿಪಿ ನೋಡಿದ್ದಾರಾ? ಸಣ್ಣ ವಯಸ್ಸಿನವರಿಗೆ ಬಿಪಿ ಏರಿ ಫಿಟ್ಸ್ ಬರೋದೂ ಜಾಸ್ತಿ.

ಸದಸ್ಯೆ, ಮಂಗಳವೇಢೆ: ಫಾರ್ವರ್ಡ್ ಬಂದಿದೆ. ಖರ್ಜೂರ, ಬೀಟ್ರೂಟ್, ಬೆಲ್ಲ, 7 ದಿನದಲ್ಲಿ ರಕ್ತ 4 ಪಾಯಿಂಟ್ ಏರುತ್ತದೆ. ಎಲ್ಲರಿಗೂ ಕಳಿಸಿ.

ಡಾಕ್ಟರ್: ದಯವಿಟ್ಟು ಕಳಿಸಬೇಡಿ. 100 ಗ್ರಾಂ ಬೀಟ್ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ, ಸರ್ಕಾರ ಕೊಡುವ ಒಂದು ಗುಳಿಗೆಯಲ್ಲಿ 60 ಇದೆ. ತಿನ್ನಿ, ಬೇಡ ಅನ್ನಲ್ಲ. ಆದರೆ ಅದನ್ನು ನಂಬಿ ದವಾಖಾನೆ ತಪ್ಪಿಸಬೇಡಿ.

ಸದಸ್ಯೆ, ಅಕ್ಕಲಕೋಟೆ (ಇನ್ನೊಬ್ಬರು): ಗುಳಿಗೆ ತಿಂದರೆ ಕೂಸು ಕಪ್ಪಾಗುತ್ತಾ?

ಡಾಕ್ಟರ್: ಇಲ್ಲ.

ಹಿರಿಯ ಸದಸ್ಯ: ನಮ್ಮ ಅವ್ವ 15ಕ್ಕೇ ಹೆತ್ತಳು. ಆಗ ಯಾವ ಎಚ್‌ಬಿ ಇತ್ತು?

ಆಶಾ ಕಾರ್ಯಕರ್ತೆ: ಕಾಕಾ, ಹೆತ್ತದ್ದರಲ್ಲಿ ಎಷ್ಟು ಉಳಿದವು?

ಹಿರಿಯ ಸದಸ್ಯ: ಐದು. ಹೋದದ್ದು ಮೂರು. ಅದು ದೇವರಿಚ್ಛೆ.

ಆಶಾ ಕಾರ್ಯಕರ್ತೆ: ಮೂರು ಕೂಸು ಹೋಗಿವೆ, ಆದರೂ ಹೀಗಂತೀರಲ್ಲ. ಹುಡುಗಿಯನ್ನು ಮನೆಯಲ್ಲಿ ಒಬ್ಬಳೇ ಬಿಟ್ಟು ಹೋಗೋಕೆ ಆಗಲ್ಲ ಅಂತ ಮದುವೆ ಮಾಡಿ ಕಬ್ಬು ಕಡಿಯುವ ಹೊಲಕ್ಕೆ ಕಳಿಸುತ್ತೀರಿ.

ಹಿರಿಯ ಸದಸ್ಯ: ಬಡವರ ಮನೆ ಕಷ್ಟ ನಿನಗೇನು ಗೊತ್ತು?

ಆಶಾ ಕಾರ್ಯಕರ್ತೆ: ದಿನಾ ಆ ಮನೆಗಳಿಗೇ ಹೋಗ್ತೀನಿ.

ಸದಸ್ಯೆ, ಮಂಗಳವೇಢೆ: ನನ್ನ ಮತ್ತು ಗಂಡನ ರಕ್ತದ ಗುಂಪು ಬೇರೆ ಬೇರೆ. ತೊಂದರೆನಾ?

ಅಡ್ಮಿನ್: ಕಾಕಾ, ಸಾಕು. ಇಲ್ಲಾಂದ್ರೆ ಗುಂಪಿನಿಂದ ತೆಗೀತೀನಿ.

ಸದಸ್ಯ, ಜತ್: ಮೇಡಂ, ಮುಖ ಬಾತಿದೆ. ಬಿಪಿ ನೋಡಿಸಿಲ್ಲ. ವಯಸ್ಸು ಹೇಳಿದರೆ ಪೊಲೀಸ್ ಕೇಸ್ ಆಗುತ್ತದೆ ಅಂತ ತಮ್ಮ ಹೆದರಿದ್ದಾನೆ. 19 ಅಂತ ಬರೆಸಲಾ?

ಡಾಕ್ಟರ್: ಸುಳ್ಳು ಬೇಡ. 18 ಆಗದ ಹುಡುಗಿ ಬಸಿರಾದರೆ ದವಾಖಾನೆಯವರು ತಿಳಿಸಲೇಬೇಕು, ಅದು ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ. ಹಾಗಂತ ಚಿಕಿತ್ಸೆ ನಿಲ್ಲಿಸುವಂತಿಲ್ಲ. ನಿಮ್ಮ ತಮ್ಮನ ಹೆದರಿಕೆ ಆಮೇಲೆ. ಈಗ ಅವಳ ಬಿಪಿ.

ಸದಸ್ಯೆ, ಅಕ್ಕಲಕೋಟೆ: ಗುಳಿಗೆ ಊಟದ ಮೊದಲಾ, ಆಮೇಲಾ?

ಡಾಕ್ಟರ್: ಹೊಟ್ಟೆ ಉರಿದರೆ ಆಮೇಲೆ. ತಾಯಂದಿರೇ, ಈಗ ಬೇರೆ ಪ್ರಶ್ನೆ ಬೇಡ. ಜತ್‌ನವರೇ, 108ಕ್ಕೆ ಫೋನ್ ಮಾಡಿದಿರಾ?

ಸದಸ್ಯ, ಜತ್: ಮಾಡಿದೆ. ಮಿರಜ್‌ಗೆ ಅನ್ನುತ್ತಿದ್ದಾರೆ. ತುಂಬಾ ದೂರ ಅಲ್ವಾ?

ಡಾಕ್ಟರ್: ದೂರವಾದರೂ ಹೋಗಿ, ಅಲ್ಲಿ ರಕ್ತ ಸಿಗುತ್ತದೆ, ಸರ್ಕಾರಿ ದವಾಖಾನೆಯಲ್ಲಿ ಬಸುರಿಗೆ ಅದಕ್ಕೆ ದುಡ್ಡಿಲ್ಲ. ರಿಪೋರ್ಟ್, ತಾಯಿ ಕಾರ್ಡ್ ತಗೊಳ್ಳಿ. ರಕ್ತ ಕೊಡಬಲ್ಲ ಇಬ್ಬರನ್ನು ಕರೆದುಕೊಳ್ಳಿ. ಅಂಗಾತ ಮಲಗಿಸಬೇಡಿ, ಒರಗಿಸಿ ಕೂರಿಸಿ. ಬಿಪಿ ಎಷ್ಟು ಅಂತ ಗಾಡಿಯಿಂದಲೇ ಬರೆಯಿರಿ.